ಪುಕ್ಕಟೆ ಸಿಕ್ಕಿದ್ದೆಲ್ಲ ಮುಕ್ತವಲ್ಲ!

ಕಳೆದ ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ಊರೆಂದರೆ ದಾಸನಕೊಪ್ಪ. ಶಿರಸಿ ತಾಲೂಕಿನ ಮೂಡಲ ಸೆರಗಿನಲ್ಲಿ, ಬನವಾಸಿಗೆ ಹತ್ತಿರದ ಊರು. ಶಿರಸಿ ಅಂದ ತಕ್ಷಣ ನಿಮ್ಮ ಕಣ್ಣಿಗೆ ಅಡಿಕೆ ತೋಟ ಬರುತ್ತದೆ. ನಮ್ಮ ಕಡೆ ಭತ್ತ, ಗೋವಿನಜೋಳ, ಶುಂಠಿ. ಹುಡುಗರು ಡಿಗ್ರಿ ಮುಗಿಸಿ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬಂದುಬಿಡುತ್ತಾರೆ. ನಾನೂ ಹಾಗೆ ಬಂದವನೇ.

ಅಕ್ಕನ ಮಗ ಒಂದು ಹಳೇ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನಿಗೊಂದು ಆಸೆ. ಅಪ್ಪನ ಶುಂಠಿ ಗದ್ದೆಯ ಕೂಲಿ ಲೆಕ್ಕ, ಚೀಲದ ಲೆಕ್ಕ, ಮುಂಗಡದ ಲೆಕ್ಕವನ್ನೆಲ್ಲ ಕನ್ನಡದಲ್ಲಿ ತೋರಿಸುವ ಒಂದು ಸಣ್ಣ ಪ್ರೋಗ್ರಾಮ್ ತಾನೇ ಬರೆಯಬೇಕು ಅಂತ. ಅಪ್ಪನಿಗೆ ಇಂಗ್ಲಿಷ್ ಬಾರದು. ಲೆಕ್ಕ ಮಾತ್ರ ಬೆಂಕಿಯಂಥದ್ದು.

"ಮಾವ, ಪ್ರೋಗ್ರಾಮ್ ಬರೆಯೋಕೆ ಯಾವ ಎಡಿಟರ್ ಹಾಕಿಕೊಳ್ಳಲಿ? ಪುಕ್ಕಟೆ ಇರಬೇಕು, ಅಷ್ಟೆ" ಅಂದ.

ನಾನು ಏನೋ ಹೇಳುವಷ್ಟರಲ್ಲಿ ಇನ್ನೊಂದು ಮಾತು ಹೇಳಿದ. ಅವನು ಕೆಲವು ತಿಂಗಳು ಪೇಟೆಯ ಒಂದು ತರಬೇತಿ ಕೇಂದ್ರಕ್ಕೆ ಹೋಗಿದ್ದನಂತೆ. ಅಲ್ಲಿ ಪ್ರೋಗ್ರಾಮಿನ ನಡುವೆ ಉದ್ಧರಣ ಚಿಹ್ನೆಯೊಳಗೆ 'ಒಟ್ಟು ಕೂಲಿ' ಎಂದು ಕನ್ನಡದಲ್ಲಿ ಬರೆದಿದ್ದಕ್ಕೆ ಪಾಠ ಹೇಳುವಾತ ನಕ್ಕು, "ಇದೆಲ್ಲ ಇಲ್ಲಿ ನಡೆಯೋಲ್ಲ, ಯಂತ್ರ ಕೆಟ್ಟುಹೋಗುತ್ತೆ, ಅಳಿಸು" ಅಂದನಂತೆ. ಹುಡುಗ ಅಳಿಸಿದ. ಆಮೇಲೆ ಆ ಕ್ಲಾಸಿಗೇ ಹೋಗಲಿಲ್ಲ.

ಗೆಳೆಯರೇ, ಯಂತ್ರ ಕೆಡುವುದಿಲ್ಲ. ಅದು ಶುದ್ಧ ಸುಳ್ಳು. ಕೆಟ್ಟಿದ್ದು ಆ ಹುಡುಗನ ಧೈರ್ಯ. ಈ ಲೇಖನ ಬರೆಯಲು ಅದೇ ಕಾರಣ.

ಎಡಿಟರ್ ಅಂದರೆ ಏನು?

ಇಲ್ಲಿ ಎಡಿಟರ್ ಅಂದರೆ ಪತ್ರಿಕೆಯ ಸಂಪಾದಕ ಅಲ್ಲ, ಅವನನ್ನು ಆಯ್ಕೆ ಮಾಡುವ ಭಾಗ್ಯ ನಮಗಿಲ್ಲ! ಪ್ರೋಗ್ರಾಮ್ ಬರೆಯುವವನಿಗೆ ಎಡಿಟರ್ ಅಂದರೆ ಬರೆಯುವ ಹಲಗೆ. ಬರೆದದ್ದನ್ನು ಸಾದಾ ಪಠ್ಯವಾಗಿ ಉಳಿಸಿಕೊಡುತ್ತದೆ, ಬೇರೆ ಬೇರೆ ಬಣ್ಣದಲ್ಲಿ ತೋರಿಸುತ್ತದೆ, ಆವರಣ ಮುಚ್ಚುವುದನ್ನು ಮರೆತರೆ ಎಚ್ಚರಿಸುತ್ತದೆ, ಹುಡುಕಿ ಬದಲಿಸಿಕೊಡುತ್ತದೆ. ಇಷ್ಟೇ. ಆದರೆ ದಿನಕ್ಕೆ ಹತ್ತು ಗಂಟೆ ಕೂತು ಬರೆಯುವವನಿಗೆ ಇದು ರೈತನ ಕೈಯಲ್ಲಿನ ಕತ್ತಿಯಿದ್ದಂತೆ. ಹಿಡಿ ಯಾರ ಕೈಯಲ್ಲಿದೆ ಅನ್ನುವುದು ಮುಖ್ಯ.

ಇಂದು ನಮ್ಮ ಹುಡುಗರು ಎಡಿಟರ್ ಆರಿಸುವ ರೀತಿ ಹೇಗೆ? ಪಕ್ಕದ ಕುರ್ಚಿಯವನು ಯಾವುದು ಹಾಕಿಕೊಂಡಿದ್ದಾನೋ ಅದು. ದುಡ್ಡು ಕೇಳುವುದಿಲ್ಲ ತಾನೆ? ಮುಗಿಯಿತು.

ಇಂಗ್ಲಿಷ್‌ನವರಿಗೆ ಇಲ್ಲೊಂದು ಗೋಳಿದೆ. ಅವರ 'ಫ್ರೀ' ಎಂಬ ಒಂದೇ ಪದಕ್ಕೆ ಎರಡು ಅರ್ಥ: ದುಡ್ಡಿಲ್ಲದ್ದು ಎಂದೂ ಹೌದು, ಸ್ವತಂತ್ರವಾದದ್ದು ಎಂದೂ ಹೌದು. 1983ರಲ್ಲಿ ಗ್ನೂ ಯೋಜನೆ ಘೋಷಿಸಿದ ರಿಚರ್ಡ್ ಸ್ಟಾಲ್‌ಮನ್ ಅಂದಿನಿಂದ ಈ ಎರಡರ ವ್ಯತ್ಯಾಸವನ್ನು ವಿವರಿಸುತ್ತಲೇ ಇದ್ದಾರೆ. ನಮಗೆ ಆ ಗೋಳಿಲ್ಲ. ನಮ್ಮಲ್ಲಿ ಪುಕ್ಕಟೆ ಬೇರೆ, ಮುಕ್ತ ಬೇರೆ. ನಮ್ಮ ಅಜ್ಜಿಗೂ ಗೊತ್ತಿದ್ದ ವ್ಯತ್ಯಾಸ ಇದು. ಕನ್ನಡದಲ್ಲಿ ಯೋಚಿಸಿದ್ದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತಿತ್ತು!

ಮುಕ್ತ ತಂತ್ರಾಂಶ ಅಂದರೆ: ಯಾವ ಉದ್ದೇಶಕ್ಕಾದರೂ ಬಳಸಬಹುದು, ಒಳಗಿನ ಮೂಲ ಬರಹವನ್ನು ಓದಬಹುದು, ತಿದ್ದಬಹುದು, ತಿದ್ದಿದ್ದನ್ನೂ ತಿದ್ದದ್ದನ್ನೂ ಇನ್ನೊಬ್ಬರಿಗೆ ಹಂಚಬಹುದು. ಈ ನಾಲ್ಕು ಹಕ್ಕು ಇದ್ದರೆ ಮುಕ್ತ. ಇಲ್ಲದಿದ್ದರೆ ಅದು ಬರೀ ಪುಕ್ಕಟೆ. ಪುಕ್ಕಟೆ ಕೊಟ್ಟವನು ಯಾವತ್ತು ಬೇಕಾದರೂ ಕಿತ್ತುಕೊಳ್ಳಬಹುದು.

ಮುಂಗಡದ ಕಥೆ

ಇದನ್ನು ಶಿರಸಿ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಿಂದೆ ಅಡಿಕೆ ಬೆಳೆಯುವವನಿಗೆ ಮಳೆಗಾಲದಲ್ಲಿ ಕೈ ಖಾಲಿ. ವ್ಯಾಪಾರಿ ಬಂದು ನಗುನಗುತ್ತ ಮುಂಗಡ ಕೊಡುತ್ತಿದ್ದ. ಕೊಯ್ಲಿನ ಕಾಲಕ್ಕೆ ಬೆಳೆ ಅವನಿಗೇ ಹಾಕಬೇಕು, ಅವನು ಹೇಳಿದ್ದೇ ದರ. ಈ ಕುಣಿಕೆಯಿಂದ ಕತ್ತು ಬಿಡಿಸಿಕೊಳ್ಳಲೆಂದೇ ಬೆಳೆಗಾರರು ಸೇರಿ ತಮ್ಮದೇ ಮಾರಾಟ ಸೊಸೈಟಿ ಕಟ್ಟಿಕೊಂಡರು. ಶಿರಸಿಯ ತೋಟಗಾರ್ಸ್ ಸೊಸೈಟಿ ಹುಟ್ಟಿದ್ದು 1923ರಲ್ಲಿ. ನೂರು ವರ್ಷ ದಾಟಿದ ಈ ಪಾಠವನ್ನು ಅದೇ ಸೀಮೆಯಿಂದ ಬೆಂಗಳೂರಿಗೆ ಬಂದ ನಾವು ಗಣಕಯಂತ್ರದ ಮುಂದೆ ಕೂತ ಕೂಡಲೇ ಮರೆಯುತ್ತೇವೆ.

ಉದಾಹರಣೆ ಬೇಕೆ? ಆಟಮ್ ಎಂಬ ಎಡಿಟರ್ ಇತ್ತು. 2014ರಲ್ಲಿ ಗಿಟ್‌ಹಬ್ ಹೊರತಂದಿತ್ತು. ಚೆಂದವಿತ್ತು, ಹುಡುಗರು ಮುಗಿಬಿದ್ದರು. 2018ರಲ್ಲಿ ಮೈಕ್ರೋಸಾಫ್ಟ್ ಗಿಟ್‌ಹಬ್ಬನ್ನು 750 ಕೋಟಿ ಡಾಲರಿಗೆ ಕೊಂಡಿತು. ಆಗಲೇ ಮೈಕ್ರೋಸಾಫ್ಟಿನ ಬಳಿ ತನ್ನದೇ ಇನ್ನೊಂದು ಎಡಿಟರ್ ಇತ್ತು. ಒಂದು ಮನೆಗೆ ಎರಡು ಸೊಸೆ! 2022ರ ಜೂನ್‌ನಲ್ಲಿ ಘೋಷಣೆ, 15 ಡಿಸೆಂಬರ್ 2022ಕ್ಕೆ ಆಟಮ್ ಬಾಗಿಲು ಬಂದ್. ಅಡೋಬಿಯ ಬ್ರಾಕೆಟ್ಸ್ ಕಥೆಯೂ ಇದೇ. 1 ಸೆಪ್ಟೆಂಬರ್ 2021ಕ್ಕೆ ಅಡೋಬಿ ಕೈ ತೊಳೆದುಕೊಂಡಿತು.

ಇಲ್ಲೇ ಗಮನಿಸಬೇಕಾದ್ದು. ಈ ಎರಡರ ಮೂಲ ಬರಹವೂ ಮುಕ್ತ ಪರವಾನಗಿಯಲ್ಲಿತ್ತು. ಹಾಗಾಗಿ ಆಟಮ್ ಸತ್ತ ಮೇಲೂ ಕೆಲವು ಬಳಕೆದಾರರು ಆ ಬರಹವನ್ನೇ ಎತ್ತಿಕೊಂಡು ಪಲ್ಸರ್ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಬರೀ ಪುಕ್ಕಟೆ ತಂತ್ರಾಂಶವಾಗಿದ್ದರೆ ತಿಥಿ ಮಾಡಿ ಸುಮ್ಮನಾಗಬೇಕಿತ್ತು.

ವಿಮ್ ನೋಡಿ. ಬ್ರಾಮ್ ಮೂಲೆನಾರ್ ಎಂಬ ಡಚ್ ಮನುಷ್ಯ 1991ರಲ್ಲಿ ಹೊರಬಿಟ್ಟ ಎಡಿಟರ್. ಆತ ದುಡ್ಡು ಕೇಳಲಿಲ್ಲ. ಇಷ್ಟವಾದರೆ ಉಗಾಂಡದ ಅನಾಥ ಮಕ್ಕಳಿಗೆ ನೆರವಾಗಿ ಎಂದು ಪರವಾನಗಿಯಲ್ಲೇ ಬರೆದ. 2023ರ ಆಗಸ್ಟ್‌ನಲ್ಲಿ ಆತ ತೀರಿಕೊಂಡ. ವಿಮ್ ಸಾಯಲಿಲ್ಲ. ಸ್ವಯಂಸೇವಕರು ಅದನ್ನು ಇಂದಿಗೂ ನಡೆಸುತ್ತಿದ್ದಾರೆ. ಮಾಲೀಕ ಹೋದರೂ ಮಾಲು ಉಳಿಯುವುದು ಅಂದರೆ ಇದು.

ಒಳಗೊಂದು, ಹೊರಗೊಂದು

ಈಗ ಎಲ್ಲರ ಯಂತ್ರದಲ್ಲೂ ಇರುವ ವಿಎಸ್ ಕೋಡ್ ವಿಷಯಕ್ಕೆ ಬರೋಣ. 2015ರಲ್ಲಿ ಮೈಕ್ರೋಸಾಫ್ಟ್ ಹೊರತಂದದ್ದು. ಒಳ್ಳೆಯ ಎಡಿಟರ್, ಅದರಲ್ಲಿ ಅನುಮಾನವಿಲ್ಲ. ಕನ್ನಡದ ಅಕ್ಷರವನ್ನೂ ಬರೆಯುವ ಪುಟದಲ್ಲಿ ಸರಿಯಾಗಿಯೇ ತೋರಿಸುತ್ತದೆ. ನಾನು ಅದನ್ನು ಬೈಯಲು ಹೊರಟಿಲ್ಲ. ಆದರೆ ಅದು ಮುಕ್ತವೋ ಪುಕ್ಕಟೆಯೋ? ಎರಡೂ!

ಅದರ ಮೂಲ ಬರಹ ಎಂಐಟಿ ಪರವಾನಗಿಯಲ್ಲಿ ಮುಕ್ತವಾಗಿದೆ. ಆದರೆ ನೀವು ಇಳಿಸಿಕೊಳ್ಳುವ ಸಿದ್ಧ ರೂಪಕ್ಕೆ ಮೈಕ್ರೋಸಾಫ್ಟಿನ ಸ್ವಂತ ಪರವಾನಗಿ. ನೀವು ಹೇಗೆ ಬಳಸುತ್ತೀರಿ ಅನ್ನುವ ಮಾಹಿತಿಯನ್ನು ಕಂಪನಿಗೆ ಕಳಿಸುವ ಏರ್ಪಾಡು ಹುಟ್ಟಿನಿಂದಲೇ ಚಾಲೂ ಇರುತ್ತದೆ. ಹುಡುಕಿ ನಿಲ್ಲಿಸಬೇಕು. ಅದಕ್ಕೆ ಬೇಕಾದ ವಿಸ್ತರಣೆಗಳ ಸಂತೆಯೂ ಮೈಕ್ರೋಸಾಫ್ಟಿನದೇ. ಆ ಸಂತೆಯ ಸಾಮಾನನ್ನು ಬೇರೆ ಎಡಿಟರಿನಲ್ಲಿ ಬಳಸುವಂತಿಲ್ಲ ಎಂಬ ಷರತ್ತೂ ಇದೆ. ತೋಟದ ಬೇಲಿ ತೆಗೆದು, ಗೇಟಿಗೆ ಮಾತ್ರ ಬೀಗ ಹಾಕಿದಂತೆ!

ಅದೇ ಮುಕ್ತ ಮೂಲ ಬರಹದಿಂದ, ಮಾಹಿತಿ ಕಳಿಸುವ ಭಾಗವನ್ನು ನಿಲ್ಲಿಸಿ, ಸ್ವಯಂಸೇವಕರು ಕಟ್ಟಿಕೊಡುವ ರೂಪವೊಂದಿದೆ. ಹೆಸರು ವಿಎಸ್‌ಕೋಡಿಯಮ್. ನೋಡಲು ಅವಳಿ ಜವಳಿ. ಅದರ ವಿಸ್ತರಣೆಗಳು ಓಪನ್ ವಿಎಸ್‌ಎಕ್ಸ್ ಎಂಬ ಬೇರೆ ಸಂತೆಯಿಂದ ಬರುತ್ತವೆ. ಮೈಕ್ರೋಸಾಫ್ಟಿನ ಕೆಲವು ವಿಸ್ತರಣೆ ಅಲ್ಲಿ ಸಿಗುವುದಿಲ್ಲ, ನಿಜ. ಹೊಸದಾಗಿ ಕಲಿಯುವವನಿಗೆ ಅದರಿಂದ ದೊಡ್ಡ ನಷ್ಟವೇನಿಲ್ಲ.

ಇನ್ನು ಪ್ರೋಗ್ರಾಮನ್ನು ತಾನೇ ಬರೆದುಕೊಡುವ ಕೋಪೈಲಟ್ ವಿಷಯ. 2021ರಲ್ಲಿ ಪರೀಕ್ಷೆಗೆಂದು ಪುಕ್ಕಟೆ ಬಂತು. 2022ರ ಜೂನ್‌ನಲ್ಲಿ ತಿಂಗಳಿಗೆ 10 ಡಾಲರ್ ಚೀಟಿ ಬಂತು. 2024ರ ಡಿಸೆಂಬರ್‌ನಲ್ಲಿ ಮಿತಿ ಹಾಕಿ ಮತ್ತೆ ಸ್ವಲ್ಪ ಪುಕ್ಕಟೆ ಕೊಟ್ಟರು. ರುಚಿ, ಚೀಟಿ, ಮತ್ತೆ ರುಚಿ. ಮುಂಗಡದ ಲೆಕ್ಕ ನಿಮಗೆ ಗೊತ್ತಲ್ಲ?

ಎಡಿಟರಿಗೊಂದು ಕನ್ನಡದ ಪರೀಕ್ಷೆ

ಅಂದು ರಾತ್ರಿ ನಾವಿಬ್ಬರೂ ಕೂತು ಎಡಿಟರುಗಳಿಗೇ ಪರೀಕ್ಷೆ ಇಟ್ಟೆವು. ಪ್ರಶ್ನೆ ಪತ್ರಿಕೆ ಬಹಳ ಸಣ್ಣದು: 'ದಾಸನಕೊಪ್ಪ' ಎಂದು ಬರೆ.

ನಮ್ಮ ಕಣ್ಣಿಗೆ ಅದು ಐದು ಅಕ್ಷರ: ದಾ, ಸ, ನ, ಕೊ, ಪ್ಪ. ಪೈಥಾನ್ ಭಾಷೆಯಲ್ಲಿ ಅದರ ಉದ್ದ ಕೇಳಿದರೆ 9 ಅನ್ನುತ್ತದೆ. ಯಾಕೆಂದರೆ ಯೂನಿಕೋಡ್‌ನಲ್ಲಿ ದ ಒಂದು, ಅದರ ದೀರ್ಘ ಒಂದು. ಕ ಒಂದು, ಅದರ ಒ ಸ್ವರಚಿಹ್ನೆ ಒಂದು. ಪ್ಪ ಬರೆಯಲು ಪ, ವಿರಾಮ, ಮತ್ತೆ ಪ, ಹೀಗೆ ಮೂರು. ಸ ಮತ್ತು ನ ಸೇರಿ ಒಟ್ಟು ಒಂಬತ್ತು. ಕಡತದಲ್ಲಿ ಉಳಿಸಿದರೆ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 27 ಬೈಟ್. ಐದು, ಒಂಬತ್ತು, ಇಪ್ಪತ್ತೇಳು, ಮೂರೂ ಸರಿ! ಈ ಮೂರರ ವ್ಯತ್ಯಾಸ ತಿಳಿದ ಹುಡುಗ, ಜಗತ್ತಿನ ಯಾವ ಭಾಷೆಯ ಪಠ್ಯ ಕೊಟ್ಟರೂ ಕೆಲಸ ಮಾಡಬಲ್ಲ. ಬರೀ ಇಂಗ್ಲಿಷ್‌ನಲ್ಲಿ ಕಲಿತವನಿಗೆ ಅಕ್ಷರ, ಸಂಕೇತ, ಬೈಟು ಎಲ್ಲ ಒಂದೇ ಅನ್ನುವ ಭ್ರಮೆ ಬಹಳ ಕಾಲ ಇರುತ್ತದೆ. ಅಂದರೆ ಇಲ್ಲಿ ಕನ್ನಡ ಅಡ್ಡಿಯಲ್ಲ, ಪಾಠ.

ಇನ್ನೂ ನೋಡಿ. ಪೈಥಾನ್ 3ನೇ ಆವೃತ್ತಿ 2008ರಲ್ಲಿ ಬಂದಾಗಿನಿಂದ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಹೀಗೆ:

ಕೂಲಿ = ದಿನ * ದರ

ಇದು ಕವಿತೆಯಲ್ಲ, ನಡೆಯುವ ಪ್ರೋಗ್ರಾಮಿನ ಸಾಲು. ದಿನಕ್ಕೂ ದರಕ್ಕೂ ಮೊದಲೇ ಬೆಲೆ ಕೊಟ್ಟಿದ್ದರೆ ಯಂತ್ರ ಕೂಲಿಯನ್ನು ಲೆಕ್ಕ ಹಾಕುತ್ತದೆ. ಕೆಡುವುದಿಲ್ಲ! ಅಷ್ಟೇ ಅಲ್ಲ, ಬಳಸುವವನು ೪೨ ಎಂದು ಕನ್ನಡ ಅಂಕಿಯಲ್ಲಿ ಬರೆದು ಕೊಟ್ಟರೂ ಪೈಥಾನ್ ಅದನ್ನು 42 ಎಂದೇ ಸಂಖ್ಯೆಯಾಗಿ ಓದಿಕೊಳ್ಳುತ್ತದೆ. ಪ್ರೋಗ್ರಾಮಿನ ಒಳಗೆ ನೇರವಾಗಿ ೪೨ ಎಂದು ಬರೆದರೆ ಮಾತ್ರ ಒಪ್ಪುವುದಿಲ್ಲ.

ತೊಡಕುಗಳೂ ಇವೆ, ಮುಚ್ಚಿಡುವುದು ಬೇಡ. 'ರಾಜ್‌ಕುಮಾರ್' ಎಂದು ಬರೆಯುವಾಗ ಜ್ ಮತ್ತು ಕು ಬೆಸೆಯದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕುತ್ತೇವೆ. ಉದ್ಧರಣ ಚಿಹ್ನೆಯೊಳಗೆ ಅದು ಇದ್ದರೆ ತೊಂದರೆಯಿಲ್ಲ. ಹೆಸರಾಗಿ ಇಟ್ಟರೆ ಪೈಥಾನ್ ತಪ್ಪು ಅನ್ನುತ್ತದೆ. ಜಾವಾಸ್ಕ್ರಿಪ್ಟ್ ಒಪ್ಪುತ್ತದೆ. ಇನ್ನೊಂದು, ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿಬಿಡುವುದು. ಕಣ್ಣಿಗೆ ಎರಡೂ ಒಂದೇ ಉಂಡೆ. ಯಂತ್ರಕ್ಕೆ ಒಂದು ಅಕ್ಷರ, ಇನ್ನೊಂದು ಅಂಕಿ. 'ಶುಂಠಿ' ಎಂದು ಹುಡುಕಿದರೆ ಸಿಗುವುದಿಲ್ಲ, ತಲೆ ಕೆಡುತ್ತದೆ. ಇಂಥದ್ದನ್ನು ಎತ್ತಿ ತೋರಿಸುವ ಎಡಿಟರ್ ಒಳ್ಳೆಯ ಎಡಿಟರ್.

ಮೂರನೆಯದು ಕಪ್ಪು ಕಿಟಕಿಯ ಸಮಸ್ಯೆ. ಪ್ರೋಗ್ರಾಮ್ ನಡೆಸುವ ಟರ್ಮಿನಲ್ ಕಿಟಕಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಗೂಡು. ಅದು ಟೈಪ್‌ರೈಟರ್ ಕಾಲದ ಇಂಗ್ಲಿಷಿಗಾಗಿ ಹುಟ್ಟಿದ ವ್ಯವಸ್ಥೆ. ನಮ್ಮ 'ಪ್ಪ' ಆ ಗೂಡಿನಲ್ಲಿ ಕೂರುವುದಿಲ್ಲ, ಅನೇಕ ಕಡೆ ಒಡೆದು ಚೂರಾಗುತ್ತದೆ. ಇದು ಕನ್ನಡದ ದೋಷವಲ್ಲ, ಗೂಡಿನ ದೋಷ. ಬರೆದ ಕಡತದಲ್ಲಿ ಅಕ್ಷರ ಸರಿಯಾಗಿಯೇ ಇರುತ್ತದೆ. ಆ ತರಬೇತಿಯವನು ಒಡೆದ ಅಕ್ಷರ ನೋಡಿಯೇ ಯಂತ್ರ ಕೆಟ್ಟಿತು ಅಂದುಕೊಂಡಿದ್ದನೋ ಏನೋ!

ನಮ್ಮವರೇ ಕಟ್ಟಿದ್ದು, ನಾವೇ ಸಿಕ್ಕಿಕೊಂಡಿದ್ದು

ಕನ್ನಡ ಗಣಕಕ್ಕೆ ಬಂದದ್ದು ಯಾವ ವಿದೇಶಿ ಕಂಪನಿಯ ಭಿಕ್ಷೆಯಿಂದಲ್ಲ. 1980ರ ದಶಕದಲ್ಲೇ ಕೆ.ಪಿ. ರಾವ್ ಕನ್ನಡದ ಉಚ್ಚಾರಣೆಗೆ ಹೊಂದುವ ಕೀಲಿಮಣೆ ವಿನ್ಯಾಸ ರೂಪಿಸಿದರು. ಸೇಡಿಯಾಪು ಎಂಬ ತಂತ್ರಾಂಶ ಮಾಡಿ ದುಡ್ಡು ಕೇಳದೆ ಹಂಚಿದರು. ಇಂದು ನಾವು ಬೆರಳಾಡಿಸುವ ಕೀಲಿಮಣೆಯ ಬೇರು ಅಲ್ಲಿದೆ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಪೂರ್ಣಚಂದ್ರ ತೇಜಸ್ವಿ ತಮ್ಮ ಕೊನೆಯ ವರ್ಷಗಳಲ್ಲಿ ಮೂಡಿಗೆರೆಯಲ್ಲಿ ಕೂತು ಕನ್ನಡ ತಂತ್ರಾಂಶಕ್ಕಾಗಿ ತಲೆ ಕೆಡಿಸಿಕೊಂಡರು. ಈ ಎಲ್ಲರ ಉಪಕಾರವನ್ನೂ ಕನ್ನಡಿಗ ಮರೆಯಬಾರದು.

ಆದರೂ ಒಂದು ಮಾತು ಹೇಳಲೇಬೇಕು. ಆ ಕಾಲದ ಬರಹ, ನುಡಿ ನಮಗೆ ಪುಕ್ಕಟೆ ಸಿಕ್ಕವು, ಮುಕ್ತವಾಗಿ ಅಲ್ಲ. ಬರಹ ಮುಂದೆ ದುಡ್ಡು ಕೊಟ್ಟು ಕೊಳ್ಳಬೇಕಾದ ತಂತ್ರಾಂಶವೂ ಆಯಿತು. ಮಾಡಿದವರಿಗೆ ಆ ಹಕ್ಕಿದೆ, ತಪ್ಪೇನಿಲ್ಲ. ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. ಅಂದು ಕನ್ನಡ ಅಕ್ಷರವನ್ನು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕೂರಿಸಿದ್ದರು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಾಗೆ ಗುಬ್ಬಿ ಕಾಲು. ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆಂದು 128 ಜಾಗ ಮೀಸಲಿಟ್ಟಿತ್ತು. ಆದರೂ ನಾವು ಅನೇಕ ವರ್ಷ ಹಳೇ ದಾರಿಯಲ್ಲೇ ನಡೆದೆವು. ಹಾಗೆ ಬರೆದ ಸಾವಿರಾರು ಕಡತಗಳನ್ನು ಇಂದಿನ ಯಾವುದೇ ಎಡಿಟರಿನಲ್ಲಿ ತೆರೆಯಿರಿ. ಒಂದಕ್ಷರ ಕನ್ನಡವಿಲ್ಲ. ನನ್ನದೇ ಕಾಲೇಜು ದಿನಗಳ ಬರಹಗಳು ಒಂದು ಸಿಡಿಯಲ್ಲಿ ಹೀಗೆ ಹೂತುಹೋಗಿವೆ. ಪರಿವರ್ತಕ ಹುಡುಕಿ, ಒಂದೊಂದೇ ತಿದ್ದಿ, ಅರ್ಧ ಮಾತ್ರ ಬದುಕಿಸಿಕೊಂಡೆ.

ಹಾಗಾಗಿ ಎಡಿಟರ್ ಯಾವುದೇ ಇರಲಿ, ಮೊದಲ ನಿಯಮ ಇದು: ಕಡತ ಯುಟಿಎಫ್-8ನಲ್ಲಿ ಉಳಿಯಬೇಕು. ಎಡಿಟರ್ ನಾಳೆ ಸತ್ತರೂ ಬರಹ ಸಾಯಬಾರದು.

ಇದರಿಂದ ಏನು ಸಾಧ್ಯ ಗೊತ್ತೆ? ವಿ. ಕೃಷ್ಣ ಅವರು ನಲವತ್ತಕ್ಕೂ ಹೆಚ್ಚು ವರ್ಷ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್' 2019ರಲ್ಲಿ ಮುಕ್ತ ಪರವಾನಗಿಯಲ್ಲಿ ಹೊರಬಂತು. ಒಂದೂವರೆ ಲಕ್ಷ ಪದಗಳು. ದಾಸನಕೊಪ್ಪದ ಹುಡುಗನೂ ಇಳಿಸಿಕೊಳ್ಳಬಹುದು, ತನ್ನ ಎಡಿಟರಿನಲ್ಲಿ ತೆರೆಯಬಹುದು, ಅದರ ಮೇಲೆ ಪ್ರೋಗ್ರಾಮ್ ಬರೆಯಬಹುದು. ಯಾರ ಕಾಲೂ ಹಿಡಿಯಬೇಕಾಗಿಲ್ಲ.

ಕಾಸರಗೋಡನ್ನು ನೋಡಿ ನಾಚಿಕೆಪಡೋಣ

1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು ಎಂದು ನಾವು ಇಂದಿಗೂ ಎದೆ ಬಡಿದುಕೊಳ್ಳುತ್ತೇವೆ. ಬಡಿದುಕೊಳ್ಳಬೇಕಾದ್ದೇ. ಆದರೆ ಅಲ್ಲಿನ ಶಾಲೆಗಳ ಗಣಕ ಕೋಣೆಯ ಕಡೆ ಒಮ್ಮೆ ನೋಡಿ. ಕೇರಳ ಸರ್ಕಾರ 2000ದ ದಶಕದಲ್ಲೇ ತನ್ನ ಶಾಲೆಗಳಿಗೆ ಮುಕ್ತ ತಂತ್ರಾಂಶ ತಂದಿತು. ಮೊದಲು ಐಟಿ ಅಟ್ ಸ್ಕೂಲ್ ಎಂಬ ಯೋಜನೆ, 2017ರಿಂದ ಕೈಟ್ ಎಂಬ ಸಂಸ್ಥೆ. ಮಕ್ಕಳು ಗ್ನೂ ಲಿನಕ್ಸ್‌ನಲ್ಲಿ ಕಲಿಯುತ್ತಾರೆ, ಪೈಥಾನ್ ಬರೆಯುತ್ತಾರೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಕ ಪಾಠದ ಪುಸ್ತಕ ಕನ್ನಡದಲ್ಲೇ ಅಚ್ಚಾಗುತ್ತದೆ.

ಅಂದರೆ ಕಾಸರಗೋಡಿನ ಕನ್ನಡದ ಮಗು ಮುಕ್ತ ತಂತ್ರಾಂಶವನ್ನು ಕನ್ನಡದಲ್ಲಿ ಕಲಿಯುತ್ತದೆ. ಬನವಾಸಿಯ ಪಕ್ಕದ, ಕದಂಬರು ಆಳಿದ ನೆಲದ ಹುಡುಗನಿಗೆ 'ಕನ್ನಡ ಅಳಿಸು' ಎಂಬ ಪಾಠ! ಹೊರನಾಡು ಯಾವುದು, ಒಳನಾಡು ಯಾವುದು ಎಂದು ನೀವೇ ಹೇಳಿ.

ಹಾಗಾದರೆ ಯಾವುದನ್ನು ಹಾಕಿಕೊಳ್ಳಬೇಕು?

ಬರೀ ಬೈದು ಹೋದರೆ ಪ್ರಯೋಜನವಿಲ್ಲ. ಅಕ್ಕನ ಮಗನಿಗೆ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಯಂತ್ರ ಹಳೆಯದು, ವಿಂಡೋಸ್ ಇದೆ, ಊರಿನಲ್ಲಿ ಸಿಗ್ನಲ್ ಮಳೆ ಬಂದರೆ ಮಾಯ. ಹಾಗಿದ್ದರೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್. 2003ರಿಂದ ಡಾನ್ ಹೋ ನಡೆಸಿಕೊಂಡು ಬಂದಿರುವ ಮುಕ್ತ ತಂತ್ರಾಂಶ. ಇಳಿಸಲು 10 ಎಂಬಿಯೂ ಬೇಕಿಲ್ಲ. ವಿಎಸ್ ಕೋಡಿಗೆ 100 ಎಂಬಿ ಆಸುಪಾಸು ಬೇಕು, ಮೇಲೆ ಅದು ಇಡೀ ಬ್ರೌಸರನ್ನೇ ಹೊಟ್ಟೆಯಲ್ಲಿಟ್ಟುಕೊಂಡು ತಿರುಗುವುದರಿಂದ ಹಳೇ ಯಂತ್ರ ಏದುಸಿರು ಬಿಡುತ್ತದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಇನ್ನೊಂದು ಸಂತೋಷವಿದೆ. ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ! ಆರಿಸಿದರೆ ಮೆನು ಕನ್ನಡವಾಗುತ್ತದೆ. ಅನುವಾದವಾಗದೆ ಉಳಿದ ಮಾತು ಇಂಗ್ಲಿಷ್‌ನಲ್ಲೇ ಇಣುಕುತ್ತದೆ. ಅದನ್ನು ಪೂರ್ತಿ ಮಾಡುವವರು ಯಾರು? ನೀವೇ ಅಲ್ಲವೆ? ಇತ್ತ ಮೈಕ್ರೋಸಾಫ್ಟ್ ವಿಎಸ್ ಕೋಡಿಗೆ ತಾನೇ ಹೊರತಂದಿರುವ ಭಾಷಾ ಪೊಟ್ಟಣಗಳಲ್ಲಿ ಟರ್ಕಿ ಭಾಷೆ ಇದೆ, ಪೋಲಿಷ್ ಇದೆ, ಕನ್ನಡ ಇಲ್ಲ.

ಲಿನಕ್ಸ್ ಹಾಕಿಕೊಂಡವರಿಗೆ ಗೀನಿ ಅಥವಾ ಕೇಟ್. ಗೀನಿ ಹಗುರ, ಒಂದು ಗುಂಡಿ ಒತ್ತಿದರೆ ಪ್ರೋಗ್ರಾಮ್ ನಡೆಸಿಯೂ ಕೊಡುತ್ತದೆ. ಕೆ.ಪಿ. ರಾವ್ ವಿನ್ಯಾಸವನ್ನು ಆಧರಿಸಿದ ಕೆಜಿಪಿ ಕೀಲಿಮಣೆಯೂ ಲಿನಕ್ಸ್‌ನಲ್ಲಿ ಮುಕ್ತವಾಗಿಯೇ ಸಿಗುತ್ತದೆ.

ಕೈ ಪಳಗಿ, ಛಲ ಇದ್ದರೆ ಈಮ್ಯಾಕ್ಸ್ ಕಲಿಯಿರಿ. 1985ರಿಂದ ಬದುಕಿರುವ ಗ್ನೂ ಎಡಿಟರ್. ಅದಕ್ಕೆ ಕನ್ನಡ ಬರೆಯುವ ವ್ಯವಸ್ಥೆ ಹುಟ್ಟಿನಿಂದ ಬಂದಂತೆ ಒಳಗೇ ಇದೆ, ಹೊರಗಿನ ಯಾವ ಕೀಲಿಮಣೆ ತಂತ್ರಾಂಶವೂ ಬೇಡ. ಕಂಟ್ರೋಲ್ ಜೊತೆ ಎಚ್ ಒತ್ತಿ, ಆಮೇಲೆ ಬರೀ ಎಚ್ ಒತ್ತಿ. ಲೋಕದ ಭಾಷೆಗಳಲ್ಲಿ ನಮಸ್ಕಾರ ಹೇಳುವ ಪುಟ ತೆರೆಯುತ್ತದೆ. ಅದರಲ್ಲಿ ಕನ್ನಡವೂ ಇದೆ. ನಾನು ಮೊದಲ ಸಲ ನೋಡಿದಾಗ ಬೆಂಗಳೂರಿನ ಆಫೀಸಿನಲ್ಲಿ ಒಬ್ಬನೇ ಕೂತಿದ್ದೆ. ಸುಳ್ಳು ಯಾಕೆ, ಕಣ್ಣು ಮಂಜಾಯಿತು.

ದೊಡ್ಡ ಯಂತ್ರ, ದೊಡ್ಡ ಕೆಲಸ ಇರುವವರಿಗೆ ವಿಎಸ್‌ಕೋಡಿಯಮ್. ಕಂಪನಿಯವರು ವಿಎಸ್ ಕೋಡೇ ಬೇಕು ಅಂದರೆ ಬಳಸಿ. ಅನ್ನದ ವಿಷಯದಲ್ಲಿ ಹಟ ಬೇಡ. ಆದರೆ ಅದು ಕಂಪನಿಯ ಮನೆ ಎಂದು ನೆನಪಿಟ್ಟುಕೊಂಡು ಬಳಸಿ. ಸ್ವಂತ ಯಂತ್ರದಲ್ಲಿ ಸ್ವಂತ ಹಲಗೆ ಇರಲಿ.

ಇದೆಲ್ಲ ಬೇಕಾ?

ಇಲ್ಲಿಗೆ ಕೆಲವು ಜಾಣರು ಬಾಯಿ ಹಾಕುತ್ತಾರೆ. "ಪ್ರೋಗ್ರಾಮಿಂಗ್ ಅಂದರೇನೇ ಇಂಗ್ಲಿಷ್. ಅದರಲ್ಲಿ ಕನ್ನಡ ತುರುಕಿದರೆ ಹುಡುಗರಿಗೆ ಕೆಲಸ ಸಿಗುತ್ತಾ?" ಈ ಪ್ರಶ್ನೆಯನ್ನು ತಳ್ಳಿಹಾಕುವುದಿಲ್ಲ. ಜರ್ಮನಿಯವನೂ ಜಪಾನಿನವನೂ ಸೇರಿ ಬರೆಯುವ ಪ್ರೋಗ್ರಾಮಿನಲ್ಲಿ ಹೆಸರುಗಳು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿರಬೇಕು. ಆಫೀಸಿನ ಕೆಲಸದಲ್ಲಿ ಕೂಲಿ, ದರ ಎಂದು ಬರೆಯಿರಿ ಎಂದು ನಾನು ಹೇಳುತ್ತಿಲ್ಲ.

ಆದರೆ ಪೈಥಾನಿನಲ್ಲಿ ಇರುವ ಮೀಸಲು ಪದಗಳು ಎಷ್ಟು ಗೊತ್ತೆ? 35. ಬರೀ ಮೂವತ್ತೈದು! ಕ್ರಿಕೆಟ್ ನೋಡುವ ನಮ್ಮೂರಿನ ಯಾವ ಹುಡುಗನಿಗೂ ಅದಕ್ಕಿಂತ ಹೆಚ್ಚು ಇಂಗ್ಲಿಷ್ ಪದ ಬಾಯಿಪಾಠ ಇದೆ. ಎಲ್‌ಬಿಡಬ್ಲ್ಯು, ನೋಬಾಲ್, ಸಿಲ್ಲಿ ಪಾಯಿಂಟ್ ಎನ್ನಲು ಯಾರೂ ಕಾನ್ವೆಂಟಿಗೆ ಹೋಗಲಿಲ್ಲ. ಉಳಿದದ್ದು ಲೆಕ್ಕ, ತರ್ಕ, ತಾಳ್ಮೆ. ಇವು ಯಾವ ಭಾಷೆಯ ಸ್ವತ್ತೂ ಅಲ್ಲ. ಕನ್ನಡ ಮಾಧ್ಯಮದ ಹುಡುಗ ಆ 35 ಪದಗಳಿಗೆ ಹೆದರಿ ಓಡಿಹೋಗುತ್ತಿಲ್ಲ. ಅವನ ಭಾಷೆಯನ್ನು ನೋಡಿ ನಕ್ಕವರಿಂದ ಓಡಿಹೋಗುತ್ತಿದ್ದಾನೆ. ಕಲಿಯುವ ಕಾಲದಲ್ಲಿ ಟಿಪ್ಪಣಿ ಕನ್ನಡದಲ್ಲಿ ಬರೆಯಲಿ, ಹೆಸರು ಕನ್ನಡದಲ್ಲಿಡಲಿ, ತೋರಿಸುವ ಉತ್ತರ ಕನ್ನಡದಲ್ಲಿರಲಿ. ಗಟ್ಟಿಯಾದ ಮೇಲೆ ಇಂಗ್ಲಿಷ್‌ನಲ್ಲೂ ಬರೆಯುತ್ತಾನೆ, ಚೆನ್ನಾಗಿಯೇ ಬರೆಯುತ್ತಾನೆ.

ಇನ್ನು ನೀವು, ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಕೂತಿರುವ ಕನ್ನಡದ ತರುಣರು. ನಿಮ್ಮಿಂದ ಮೂರು ಕೆಲಸ ಆಗಬೇಕು. ನಿಮ್ಮ ಎಡಿಟರಿನಲ್ಲಿ ಕನ್ನಡ ಎಲ್ಲಿ ಒಡೆಯುತ್ತದೋ ಅದನ್ನು ಮಾಡುವವರಿಗೆ ದೂರು ಬರೆಯಿರಿ. ಮುಕ್ತ ತಂತ್ರಾಂಶದಲ್ಲಿ ದೂರು ಬರೆಯುವುದು ಮಾತ್ರವಲ್ಲ, ತಿದ್ದಲೂಬಹುದು. ಎರಡು, ತಿಂಗಳಿಗೆ ಒಂದು ಭಾನುವಾರ ಮೆನುಗಳ ಅನುವಾದಕ್ಕೆ ಕೂಡಿರಿ. ಮೂರು, ರಜೆಗೆ ಊರಿಗೆ ಹೋದಾಗ ಪೆನ್ ಡ್ರೈವಿನಲ್ಲಿ ಈ ತಂತ್ರಾಂಶಗಳನ್ನು ತುಂಬಿಕೊಂಡು ಹೋಗಿ ನಿಮ್ಮ ಶಾಲೆಯ ಗಣಕ ಕೋಣೆಗೆ ಹಾಕಿಕೊಟ್ಟು ಬನ್ನಿ. ಹಂಚುವುದು ಕಳ್ಳತನವಲ್ಲ, ಮುಕ್ತ ತಂತ್ರಾಂಶದಲ್ಲಿ ಅದು ನಿಮ್ಮ ಹಕ್ಕು. ಕದ್ದ ಪ್ರತಿ ಹಾಕಿಕೊಟ್ಟು ಮಕ್ಕಳಿಗೆ ಕಳ್ಳತನ ಕಲಿಸುವುದು ನಿಲ್ಲಲಿ.

ನಾನು ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ಅವನ ಪ್ರೋಗ್ರಾಮ್ ನಡೆಯಿತು. ಸಣ್ಣದು, ಮೂವತ್ತು ಸಾಲಿನದು. ಟರ್ಮಿನಲ್ಲಿನಲ್ಲಿ ಅಕ್ಷರ ಒಡೆದಿದ್ದರಿಂದ ಉತ್ತರವನ್ನು ಒಂದು ಕಡತಕ್ಕೆ ಬರೆಸಿ ಎಡಿಟರಿನಲ್ಲಿ ತೆರೆದ. ಭಾವ ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಂದರು. ಎಂಟು ಜನರ ಹೆಸರು, ದಿನ, ದರ, ಮುಂಗಡ, ಬಾಕಿ. ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಕೊನೆಯಲ್ಲಿ, "ನಾಲ್ಕನೇ ಸಾಲು ತಪ್ಪು. ಅವಳಿಗೆ ಗುರುವಾರ ಅರ್ಧ ದಿನ" ಅಂದರು.

ಹುಡುಗ ತಿದ್ದಿದ. ಇಷ್ಟು ದಿನ ಯಂತ್ರದ ಮುಂದೆ ಬಾಯಿ ಬಿಡದ ಮನುಷ್ಯ ಯಂತ್ರದ ತಪ್ಪು ಹಿಡಿದಿದ್ದರು. ಅದು ಅವರಿಗೆ ಓದಲು ಬರುವ ಭಾಷೆಯಲ್ಲಿತ್ತು, ಅದಕ್ಕೇ ಹಿಡಿದರು!